ತವರಿನವರಿಗೆ ಹಾಕಿದ ಎಲೆ

ನಮ್ಮ ಯಜಮಾನರನ್ನು ತಿಂಡಿಪೋತ ಎಂದರೆ ಮೂಗಿನ ತುದಿಯಲ್ಲೇ ಕೋಪ. "ನಾನು ತಿನ್ನೋಕೆ ಹೋಗೋದಲ್ಲ ಕಣೇ, ನಮ್ಮ ಸೀಮೆ ರುಚಿ ತಿಳ್ಕೊಳ್ಳೋಕೆ ಹೋಗೋದು" ಎನ್ನುತ್ತಾರೆ. ಸರಿ, ತಿಳಿದುಕೊಳ್ಳಲಿ. ಆದರೆ ಜೊತೆಗೆ ನನ್ನನ್ನೂ ಯಾಕೆ ಎಳೆದುಕೊಂಡು ಹೋಗಬೇಕು? ಭಾನುವಾರ ಬಂತೆಂದರೆ ಮೈಸೂರಿನ ನಮ್ಮ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ತಾಂಡವಪುರದ ಹತ್ತಿರ ಯಾರೋ ಒಬ್ಬಾಕೆ ಹುರುಳಿಕಾಳಿನ ಬಸ್ಸಾರು ಚೆನ್ನಾಗಿ ಮಾಡುತ್ತಾಳಂತೆ, ನಡಿ. ತಲಕಾಡಿನಲ್ಲಿ ಹೊಳೆ ದಂಡೆಯ ಮೇಲೆ ಆಗ ಹಿಡಿದ ಮೀನನ್ನು ಆಗಲೇ ಹುರಿದು ಕೊಡುತ್ತಾರಂತೆ, ನಡಿ. ಅಸಲಿ ರಸಬಾಳೆ ನಂಜನಗೂಡಿನಲ್ಲಿ ಯಾರದೋ ಒಬ್ಬರ ತೋಟದಲ್ಲಿ ಮಾತ್ರ ಉಳಿದಿದೆಯಂತೆ, ನಡಿ. ಹೋದ ಕಡೆಯಲ್ಲೆಲ್ಲ ಎಲೆಯ ಮೇಲೆ ಬಡಿಸಿದ್ದನ್ನು ಮೊದಲು ಫೋನಿಗೆ ತೋರಿಸಿ ಆಮೇಲೆ ಬಾಯಿಗೆ ಹಾಕುವುದು, ವಿಡಿಯೋವನ್ನು ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸುವುದು, ಅವರು ಇವರನ್ನು ಹೊಗಳಿ ಅಟ್ಟಕ್ಕೇರಿಸುವುದು. ಹೀಗೆ ನಡೆದಿತ್ತು.

ಅವರ ಪ್ರಕಾರ ನಮ್ಮ ಕಡೆಯ ನಿಜವಾದ ಅಡುಗೆ ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ. ಅದು ಸಿಗುವುದು ಶಾಮಿಯಾನದ ಕೆಳಗೆ, ಬೀಗರ ಊಟದಲ್ಲಿ. ಮದುವೆ ಮುಗಿದ ಮೇಲೆ ಹೆಣ್ಣು ಗಂಡಿನ ಕಡೆಯವರು ಒಬ್ಬರಿಗೊಬ್ಬರು ಹಾಕಿಸುವ ಬಾಡೂಟ ಅದು. ಸೌದೆ ಒಲೆ, ಆಗ ಅರೆದ ಖಾರ, ಊರಿನ ಕುರಿ. ಕರೆಯದಿದ್ದರೂ ಅಂಥ ಊಟಕ್ಕೆ ನುಗ್ಗಲು ಅವರ ಹತ್ತಿರ ಒಂದು ಉಪಾಯವಿತ್ತು. ಯಾರು ಏನು ಕೇಳಿದರೂ ಹೌದು ಎಂದುಬಿಡುವುದು. "ಹುಡುಗಿ ಕಡೇರಾ?" ಹೌದು. "ಡೈರೀಲಿದ್ರಲ್ವಾ ನೀವು?" ಹೌದು. ಮದುಮಕ್ಕಳ ಕೈಗೆ ಮುಯ್ಯಿ ಕೊಟ್ಟೇ ಬರುತ್ತಿದ್ದರು, ಆದ್ದರಿಂದ ತಾನು ಮಾಡುವುದು ತಪ್ಪಲ್ಲ ಎಂದು ಅವರ ವಾದ. ನಾನು ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ಕೂರುತ್ತಿದ್ದೆ. ತಲೆ ತಗ್ಗಿಸಿಕೊಂಡು ಉಣ್ಣುತ್ತಲೂ ಇದ್ದೆ, ಅದನ್ನೂ ಹೇಳಬೇಕಲ್ಲ.

ಕಳೆದ ಬೇಸಿಗೆಯ ಒಂದು ಭಾನುವಾರ ನಂಜನಗೂಡಿನಲ್ಲಿ ಬಾಳೆಹಣ್ಣು ಹುಡುಕಿ, ಸಿಗದೆ, ಹದಿನಾರು ಎಂಬ ಊರು ದಾಟಿ ಟಿ. ನರಸೀಪುರದ ಕಡೆಗೆ ಹೊರಟಿದ್ದೆವು. ಬಿಸಿಲು ನೆತ್ತಿ ಸುಡುತ್ತಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ನಾಲೆಯ ಪಕ್ಕದ ಒಂದು ಊರಿನಲ್ಲಿ ರಸ್ತೆಗೇ ಅಡ್ಡವಾಗಿ ಶಾಮಿಯಾನ ಹಾಕಿದ್ದರು. ಹಿಂದೆ ಹೊಗೆ ಏಳುತ್ತಿತ್ತು. ಕಾರಿನ ಗಾಜು ಇಳಿಸಿದ್ದೇ ತಡ, ಬಾಡಿನ ಸಾರಿನ ಘಮ ಒಳಗೆ ಬಂತು.

"ಬೀಗರ ಊಟ!" ಎಂದರು ಯಜಮಾನರು. ಕಾರು ಆಗಲೇ ನಿಂತಿತ್ತು.

"ರೀ, ಬಾಗಿಲಲ್ಲಿ ಒಂದು ಮಾವಿನೆಲೆಯೂ ಕಾಣ್ತಿಲ್ಲ" ಎಂದೆ.

"ಬಾಡಿಹೋಗಿರುತ್ತೆ, ಕಿತ್ತಿರ್ತಾರೆ. ಬಾರೇ."

ನಮ್ಮನ್ನು ಎದುರುಗೊಂಡವನು ಮೂವತ್ತು ದಾಟಿದ ಒಬ್ಬ ಗಂಡಸು. ತಲೆ ನುಣ್ಣಗೆ ಬೋಳಿಸಿತ್ತು. ನಾನು ಯಜಮಾನರ ಅಂಗಿ ಜಗ್ಗಿದೆ. ಅವರು ನನ್ನ ಕಿವಿಯಲ್ಲಿ, "ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದಿರ್ತಾನೆ, ಸುಮ್ನಿರು" ಎಂದರು. ನಾನೂ ಬಾಡು ತಿನ್ನುವ ಒಕ್ಕಲು ಮನೆಯಲ್ಲೇ ಹುಟ್ಟಿದವಳು. ತಿಥಿಯ ದಿನವೂ ಹೀಗೆಯೇ ಶಾಮಿಯಾನ ಹಾಕಿ, ಹೀಗೆಯೇ ಕುರಿ ಕಡಿದು ಊರಿಗೆಲ್ಲ ಉಣಿಸುತ್ತಾರೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಾವಿನೆಲೆ ಇಲ್ಲ, ಎದುರುಗೊಂಡವನ ತಲೆ ಬೋಳು, ಇನ್ನೇನು ಬೇಕಿತ್ತು? ಆದರೂ ಹಸಿದ ಹೊಟ್ಟೆ, ಮಾದಪ್ಪನ ಬೆಟ್ಟವೇ ಇರಬೇಕು ಎಂದುಕೊಂಡಿತು.

ಆ ಬೋಳುತಲೆಯವನು ನಮ್ಮ ಕಾರು ನೋಡಿದ, ಬಟ್ಟೆ ನೋಡಿದ. ಅಳುಕುತ್ತ ಕೇಳಿದ: "ಸಾ, ಅವ್ವನ ತವರಿನೋರಾ?"

"ಹೌದಪ್ಪ" ಎಂದರು ನಮ್ಮ ಯಜಮಾನರು, ನಗುನಗುತ್ತ. ಮದುವೆ ಹೆಣ್ಣಿನ ತಾಯಿಯ ತವರು ಎಂದು ಅವರು ತಿಳಿದಿದ್ದರು.

ಆ ಮನುಷ್ಯನ ಮುಖ ಬದಲಾದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಜಮಾನರ ಎರಡೂ ಕೈ ಹಿಡಿದುಕೊಂಡ. ಕೈ ಬಿಡದೆಯೇ ಒಳಗೆ ತಿರುಗಿ ಕೂಗಿದ: "ಅವ್ವೋ! ನಿನ್ ತವರಿಂದ ಬಂದವ್ರೆ ಕಣವ್ವೋ! ಈಚೆಗ್ ಬಾ!"

ಶಾಮಿಯಾನದ ಕೆಳಗೆ ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿ ನಮ್ಮನ್ನು ನೋಡಿದರು. ಅವನು ನಮ್ಮನ್ನು ಆ ಪಂಕ್ತಿಯಲ್ಲಿ ಕೂರಿಸಲಿಲ್ಲ. ಎಲೆಗಳ ಪಕ್ಕದಲ್ಲೇ ನಡೆಸಿಕೊಂಡು ಮನೆಯ ಜಗಲಿಗೆ ಕರೆದೊಯ್ದ. ಬಾಡಿನ ಬಕೆಟ್ಟು ಯಜಮಾನರ ಮೂಗಿನ ಕೆಳಗೇ ಹಾದುಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅವರು ನನ್ನತ್ತ ನೋಡಿದರು. ನಾನು ಅವರನ್ನು ನೋಡುತ್ತಿರಲಿಲ್ಲ. ಒಳಗಿನ ಗೋಡೆಗೆ ಒರಗಿಸಿಟ್ಟ ಫೋಟೋ ನೋಡುತ್ತಿದ್ದೆ. ದಪ್ಪ ಮೀಸೆಯ ಗಂಡಸು, ಫೋಟೋಗೆ ಹಾರ, ಮುಂದೆ ದೀಪ.

"ತಿಥಿ ಕಣ್ರೀ" ಎಂದೆ. ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅಷ್ಟರಲ್ಲಿ ಒಳಗಿಂದ ಸತ್ತವರ ಹೆಂಡತಿ ಬಂದರು. ಅರವತ್ತರ ಹತ್ತಿರದ ಸಣಕಲು ಹೆಂಗಸು, ಬರಿದಾದ ಹಣೆ. ಹೊಸ್ತಿಲಲ್ಲಿ ನಿಂತು ಯಜಮಾನರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಆಗಲೇ ನಿಜ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಅವರ ಬೆನ್ನ ಹಿಂದೆ ಇನ್ನೊಬ್ಬ ಮುದುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನಿಂತಳು. ಅವರ ವಾರಗಿತ್ತಿ, ಸತ್ತವರ ಅಣ್ಣನ ಹೆಂಡತಿ.

"ಓಹೋ, ಈಗ ಸಿಕ್ತಾ ದಾರಿ?" ಎಂದಳು ವಾರಗಿತ್ತಿ. "ಯಾರಂತೆ ಇವ್ರು?"

"ನಮ್ ದೊಡ್ಡಣ್ಣನ ಮಗ ಕಣಕ್ಕ" ಎಂದರು ಆ ತಾಯಿ. "ನೋಡು, ಥೇಟ್ ನಮ್ಮಣ್ಣಂದೇ ಮೂಗು." ಹಾಗೆಂದು ನನ್ನ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದರು.

ನಮಗಿಬ್ಬರಿಗೇ ಬೇರೆ ಎಲೆ ಹಾಕಿದರು. ಒಳಗಿಂದ ಒಂದು ಸಣ್ಣ ಪಾತ್ರೆ ಬಂತು. ಮಗ ಬಡಿಸುತ್ತ, "ಬಾಡಿನ ಸೌಟು ಇದ್ಕೆ ತಾಕಿಲ್ಲ ಬಾವ. ಒಲೆನೂ ಬ್ಯಾರೆ. ಗಾಬರಿ ಇಲ್ದೆ ಉಣ್ಣಿ" ಎಂದ. ಅವರೆಕಾಳಿನ ಉಪ್ಸಾರು, ಹಸಿಮೆಣಸಿನಕಾಯಿಯ ಖಾರ, ಬಿಸಿ ಮುದ್ದೆ, ಅನ್ನ, ಮೇಲೆ ತುಪ್ಪ. ನಮ್ಮ ಯಜಮಾನರು ಊರೂರು ತಿರುಗಿ ಹುಡುಕಿದ ರುಚಿಯೆಲ್ಲ ಆ ಎಲೆಯ ಮೇಲಿತ್ತು. ಅಭ್ಯಾಸಬಲ, ಒಂದು ತುತ್ತು ನುಂಗಿದ ಕೂಡಲೇ ಅವರ ಬಾಯಿಂದ ಬಂದೇಬಿಟ್ಟಿತು: "ಆಹಾ, ಎಷ್ಟು ಚೆನ್ನಾಗಿದೆ!"

"ಸತ್ತ ಮನೇಲಿ ಊಟ ವೊಗಳ್ತಾರೇನಪ್ಪಾ?" ಎಂದಳು ವಾರಗಿತ್ತಿ. ನಾನು ಅವರ ತೊಡೆಯನ್ನು ಚಿವುಟಿದೆ, ರಕ್ತ ಬರುವ ಹಾಗೆ.

ಆ ಮುದುಕಿ ಅಲ್ಲಿಂದ ಕದಲಲಿಲ್ಲ. ಬಾಗಿಲಿಗೆ ಒರಗಿ ಕುಳಿತು ನಮಗೆ ನಮ್ಮದೇ ಕತೆ ಹೇಳಿದಳು. ಈ ತಾಯಿ ಹುಟ್ಟಿದ್ದು ನಂಜನಗೂಡಿನ ಕಡೆಯ, ಲಿಂಗ ಕಟ್ಟುವ ಮನೆಯಲ್ಲಿ. ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಈ ಮನೆಯ ಹುಡುಗನನ್ನು ಮೆಚ್ಚಿ ಮದುವೆಯಾದ ದಿನವೇ ತವರಿನವರು ಕೈಬಿಟ್ಟರು. ಆಮೇಲೆ ಈ ಮಗ ಹುಟ್ಟಿದ, ಬೆಳೆದ, ಅವನಿಗೂ ಮದುವೆಯಾಯಿತು. ತವರಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ.

"ಆದ್ರೂ ಈ ಮನೇಲಿ ಏನೇ ಕಾರ್ಯ ಆಗ್ಲಿ, ನಿಮ್ಮತ್ತೆ ಒಂದು ಪಾತ್ರೆ ಬ್ಯಾರೆ ಇಳ್ಸ್ತಾಳೆ" ಎಂದಳು. "ಬಾಡು ಮುಟ್ಟದ ಕೈಲಿ ಮಾಡ್ತಾಳೆ, ಬ್ಯಾರೆ ಮಡಗ್ತಾಳೆ. ನಮ್ಮಣ್ಣ ಬಂದ್ರೆ ಉಣ್ಣಕ್ಕೇನ್ ಮಾಡದು ಅಂತಾಳೆ. ಸಂದೆಗಂಟ ಕಾಯ್ತಾಳೆ. ಆಮೇಕೆ ಕೊಟ್ಟಿಗೆಗೆ ತಕ್ಕೋಗಿ ಅಸಿಗೆ ಉಯ್ತಾಳೆ. ನಮ್ಮನೆ ಅಸಿಗೋಳು ಕೊಬ್ಬೋದ್ವು ನಿಮ್ ದೆಸೆಯಿಂದ."

ಯಾರೋ ನಕ್ಕರು. ಆ ತಾಯಿ ತಲೆ ಎತ್ತಲಿಲ್ಲ, ನನ್ನ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟರು. ಅಷ್ಟು ವರ್ಷ ಕಾದಿಟ್ಟ ಎಲೆಯ ಮುಂದೆ ಕುಳಿತದ್ದು ಯಾರು? ಬಾಡಿನ ವಾಸನೆ ಹಿಡಿದು ಬಂದ ಇಬ್ಬರು ಕಳ್ಳರು. ಎದ್ದುಹೋಗೋಣ ಎಂದರೆ ತಿಥಿಯ ಎಲೆ ಬಿಟ್ಟು ಏಳುವುದೂ ಪಾಪ. ಉಣ್ಣೋಣ ಎಂದರೆ ತುತ್ತು ಇಳಿಯದು. ಹಾಳು ಹೊಟ್ಟೆಗೆ ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಳ್ಳುತ್ತ ನೀರು ಕುಡಿದು ಕುಡಿದು ನುಂಗಿದೆ. ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ಯಜಮಾನರೂ ಬಿಡಲಿಲ್ಲ. ಅವರ ಕಿವಿ ಕೆಂಪಗಾಗಿತ್ತು. ಫೋನು ಜೇಬಿನಿಂದ ಈಚೆಗೆ ಬರಲೇ ಇಲ್ಲ.

ಕೈತೊಳೆಯಲು ನೀರು ಕೊಡುತ್ತೇನೆಂದು ಆ ತಾಯಿ ನನ್ನನ್ನೊಬ್ಬಳನ್ನೇ ಹಿತ್ತಿಲಿಗೆ ಕರೆದೊಯ್ದರು. ಬಾಗಿಲು ಮುಂದೆ ಮಾಡಿ, ಚೊಂಬು ಕೆಳಗಿಟ್ಟರು.

"ಈಗ ನಿಜ ಏಳವ್ವ. ಯಾರು ನೀವು?"

ನಾನು ಅಳಲು ಶುರುಮಾಡಿದೆ. ಬೀಗರ ಊಟ ಎಂದುಕೊಂಡು ನುಗ್ಗಿದೆವು, ನಿಮ್ಮನ್ನು ಕಂಡೇ ಇಲ್ಲ, ದಾರಿಹೋಕರು ನಾವು, ಹೊಡೆದರೂ ಹೊಡೆಸಿಕೊಳ್ಳುತ್ತೇವೆ ಎಂದೆ. ಕಾಲು ಮುಟ್ಟಲು ಬಗ್ಗಿದೆ. ಅವರು ರಟ್ಟೆ ಹಿಡಿದು ಎತ್ತಿದರು.

"ನಿನ್ ಗಂಡ ಎಲೆ ಮುಂದೆ ಕುಂತು ಈಬೂತಿ ಕೇಳ್ನಿಲ್ಲ. ನಮ್ಮನೆ ಗಂಡಸ್ರು ಅಣೆಗೆ ಈಬೂತಿ ಇಕ್ಕದೆ ತುತ್ತು ಎತ್ತಾಕಿಲ್ಲ. ಆಗ್ಲೇ ತಿಳೀತು."

"ಮತ್ತೆ ಯಾಕಮ್ಮ ನೀವು ಸುಮ್ಮನಿದ್ದಿರಿ?"

ಅವರು ಪಕ್ಕದ ಕೋಣೆಗೆ ಹೋಗಿ, ಟ್ರಂಕು ತೆಗೆದು ಒಂದು ಸೀರೆ ತಂದರು. ಅಂಗಡಿಯ ಕವರಿನಲ್ಲೇ ಇತ್ತು. ಬೂದು ಬಣ್ಣದ್ದು, ಸಣ್ಣ ಅಂಚು. ಗಂಡ ಸತ್ತವಳಿಗೆ ತಿಥಿಯ ದಿನ ತವರಿನವರು ಸೀರೆ ತಂದು ಹೆಗಲ ಮೇಲೆ ಹಾಕಬೇಕು, ನಮ್ಮ ಕಡೆ ಅದು ಕಟ್ಟಳೆ. ನಿನಗೆ ಇನ್ನೂ ನಾವಿದ್ದೇವೆ ಎಂದು ಹತ್ತು ಜನರ ಎದುರು ಹೇಳಿದ ಹಾಗೆ. ಹಾಕುವವರಿಲ್ಲದ ಹೆಂಗಸನ್ನು ಊರು ಒಂದು ಥರ ನೋಡುತ್ತದೆ.

"ನಾನೇ ನರಸೀಪುರಕ್ಕೋಗಿ ತಂದ್ಕಂಡೆ ಕಣವ್ವ" ಎಂದರು. "ತವರಿಂದ ಕಳ್ಸವ್ರೆ ಅಂತ ಏಳನ ಅಂತಿದ್ದೆ. ಯಾರು ನಂಬ್ತಿದ್ರು? ಈಗ ಶಿವ್ನೇ ನಿಮ್ಮ ಕಳ್ಸವ್ನೆ. ಉಂಡಿದ್ದೀರಿ, ಉಂಡಿದ್ಕೆ ಇದೊಂದ್ ಕೆಲ್ಸ ಮಾಡ್ಕೊಟ್ಟೋಗಿ. ಎಲ್ರ ಮುಂದೆ ನಿನ್ ಗಂಡ ಇದ ನನ್ ಎಗಲ ಮ್ಯಾಲೆ ಆಕ್ಲಿ. ಅತ್ತೆ ಅನ್ಲಿ. ನನ್ ಮಗಂಗೆ ಮಾತ್ರ ಏಳ್ಬ್ಯಾಡಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟು, ಸೀರೆಯನ್ನು ನನ್ನ ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಬಂದೆ. ಯಜಮಾನರನ್ನು ಕಾರಿನ ಹತ್ತಿರ ಕರೆದು ಎರಡೇ ಮಾತಿನಲ್ಲಿ ಹೇಳಿದೆ. "ನನ್ನ ಕೈಲಿ ಆಗಲ್ಲ ಕಣೇ" ಎಂದರು. "ಬಾಯಿಬಿಟ್ಟು ಹೌದು ಅಂದೋರು ನೀವು ತಾನೇ? ಮಾಡಿ" ಎಂದೆ. ಹಲ್ಲು ಕಚ್ಚಿಕೊಂಡು ಹೇಳಿದೆ. ಆ ಕೋಪದಲ್ಲಿ ಅರ್ಧ ನನ್ನ ಮೇಲಿನದೇ ಆಗಿತ್ತು.

ಕಾರಿನಿಂದಲೇ ತಂದೆವು ಎನ್ನುವ ಹಾಗೆ ಸೀರೆ ಹಿಡಿದು ನಡೆದೆವು. ಶಾಮಿಯಾನದ ಜನರೆಲ್ಲ ಎದ್ದು ಜಗಲಿಯ ಸುತ್ತ ಸೇರಿದರು. ಯಜಮಾನರು ಸೀರೆಯ ಮಡಿಕೆ ಬಿಚ್ಚಿ ಆ ತಾಯಿಯ ಹೆಗಲ ಮೇಲೆ ಹಾಕಿದರು. "ಅತ್ತೆ" ಎಂದರು. ಅಷ್ಟೇ. ಆಮೇಲೆ ಆ ತಾಯಿ ನನ್ನ ಕೊರಳಿಗೆ ಬಿದ್ದು ಅತ್ತ ಅಳುವನ್ನು ಹೇಗೆ ಹೇಳಲಿ? "ಅಣ್ಣಯ್ಯಾ, ನನ್ ಮರ್ತೇಬುಟ್ಟಿದ್ಯಲ್ಲೋ ಅಣ್ಣಯ್ಯಾ" ಎಂದು ಗೋಳಾಡಿದರು. ಅದು ಜನರಿಗಾಗಿ ಆಡಿದ್ದಲ್ಲ. ಅವರ ಮೈಯೆಲ್ಲ ಅದುರುತ್ತಿತ್ತು. ನನ್ನ ಭುಜ ಒದ್ದೆಯಾಯಿತು. ವಾರಗಿತ್ತಿ ಕೂಡ ಸೆರಗಿನಿಂದ ಮೂಗು ಒರೆಸಿಕೊಂಡು, "ಬುಡವ್ವ, ಬಂದ್ರಲ್ಲ. ಇನ್ನಾದ್ರೂ ಬಂದ್ರಲ್ಲ" ಎಂದಳು. ನಾನು ಆ ತಾಯಿಯ ಬೆನ್ನು ಸವರುತ್ತ ನಿಂತಿದ್ದೆ. ಯಾವ ಮುಖ ಹೊತ್ತುಕೊಂಡು ನಿಂತಿದ್ದೆನೋ ದೇವರಿಗೇ ಗೊತ್ತು.

ಸಾವಿನ ಮನೆಯಿಂದ ಹೊರಡುವಾಗ ಹೋಗಿಬರುತ್ತೇವೆ ಎನ್ನಬಾರದು. ಹಾಗಾಗಿ ಏನೂ ಹೇಳದೆ ಕಾರು ಹತ್ತಿದೆವು. ಇನ್ನೊಂದು ಸುಳ್ಳು ತಪ್ಪಿತಲ್ಲ ಎಂದು ನಾನು ಉಸಿರುಬಿಡುವಷ್ಟರಲ್ಲಿ ಮಗ ಓಡಿಬಂದು ಯಜಮಾನರ ಕಡೆಯ ಬಾಗಿಲು ಹಿಡಿದುಕೊಂಡ.

"ಬಾವ, ಒಂದ್ ಮಾತು ಅದೆ. ಅಪ್ಪನ ಎಣ ಅಂಗಳದಲ್ಲಿ ಮಡ್ಗಿದ್ದಾಗ ನಿಮ್ ಮನೆಯೋರು ಯಾರೂ ಬರ್ನಿಲ್ಲ ಅಂತ ನಾನು ಬಾಯಿಗ್ ಬಂದಂಗೆ ಬೈದ್ಬುಟ್ಟೆ. ಅವ್ವನ ಎದ್ರಿಗೇ ಬೈದೆ. ನಿಮ್ ವಂಸ ಆಳಾಗ್ಲಿ ಅಂದ್ಬುಟ್ಟೆ. ತಪ್ಪಾಯ್ತು ಬಾವ. ಮನ್ಸಲ್ಲಿ ಮಡಿಕಬ್ಯಾಡಿ."

ಯಜಮಾನರು ಸ್ಟೀರಿಂಗಿನ ಮೇಲೆ ಹಣೆಯಿಟ್ಟರು. ಅವನು ಅದನ್ನು ಬೇರೆಯೇ ತಿಳಿದುಕೊಂಡು ಅವರ ಬೆನ್ನು ತಟ್ಟಿದ. ಆಮೇಲೆ ಸುತ್ತಿ ನನ್ನ ಕಡೆಗೆ ಬಂದ.

"ಅಕ್ಕ, ನಿಮ್ ನಂಬರ್ ಕೊಡಿ. ನಾಳೆ ಅವ್ವಂಗೆ ಏನಾರ ಆದ್ರೆ ಮೊದ್ಲು ತವರಿಗೆ ಏಳ್ಬೇಕಲ್ವಾ? ಇಷ್ಟ್ ದಿನ ಯಾರ್ಗೆ ಏಳದು ಅಂತಾನೇ ಗೊತ್ತಿರ್ನಿಲ್ಲ."

ಒಳಗೆ ಬಾಗಿಲ ಹತ್ತಿರ ಅವನ ತಾಯಿ ಆ ಸೀರೆ ಹೊದ್ದುಕೊಂಡೇ ನಿಂತಿದ್ದರು. ನಿಜ ಹೇಳುವ ಹಾಗಿರಲಿಲ್ಲ, ಮಾತು ಕೊಟ್ಟಿದ್ದೆ. ನನ್ನ ಸರಿಯಾದ ನಂಬರು ಕೊಡಬಹುದಿತ್ತು. ಕೊಟ್ಟಿದ್ದರೆ ಏನಾಗುತ್ತಿತ್ತು? ಹಬ್ಬಕ್ಕೆ ಕರೆಯುತ್ತಿದ್ದ, ಹುಷಾರಿಲ್ಲ ಎಂದರೆ ಹೇಳುತ್ತಿದ್ದ, ಒಂದು ದಿನ ಅವ್ವ ಹೋದಳು ಬನ್ನಿ ಎನ್ನುತ್ತಿದ್ದ. ಹೋಗಬೇಕಾಗುತ್ತಿತ್ತು. ಅದನ್ನು ನೆನೆದೇ ನನಗೆ ದಿಗಿಲಾಯಿತು. ಇಷ್ಟು ಹೊತ್ತು ಗಂಡನನ್ನು ಬೈದುಕೊಳ್ಳುತ್ತಿದ್ದ ನಾನು, ಯಾರೂ ಹೇಳಿಕೊಡದೆ, ಕೊನೆಯ ಅಂಕಿಯನ್ನು ಬದಲಾಯಿಸಿ ನಂಬರು ಹೇಳಿದೆ.

ಅವನು ಬರೆದುಕೊಳ್ಳಲಿಲ್ಲ. ಅಲ್ಲೇ ಒತ್ತಿದ. "ಒಂದ್ ಮಿಸ್ ಕಾಲ್ ಕೊಡ್ತೀನಿ, ನಂದೂ ನಿಮ್ತಾವಿರ್ಲಿ" ಎಂದು ಫೋನನ್ನು ಕಿವಿಗಿಟ್ಟುಕೊಂಡ.

"ರಿಂಗ್ ಓಯ್ತಾ ಅದೆ ಅಕ್ಕ" ಎಂದ. ನನ್ನ ಫೋನು ಮಡಿಲಲ್ಲೇ ಇತ್ತು, ಅದರ ಮುಖ ಕಪ್ಪಗಿತ್ತು. ಅವನು ಅದನ್ನು ನೋಡಿದ. ಅತ್ತ ಕಡೆ ಯಾರ ಮನೆಯಲ್ಲೋ ಬಡಿದುಕೊಂಡು ಬಡಿದುಕೊಂಡು ನಿಂತುಹೋಗುವವರೆಗೂ ಅವನು ಕಿವಿಯಿಂದ ತೆಗೆಯಲಿಲ್ಲ. ಆಮೇಲೆ ನಿಧಾನವಾಗಿ ಕೈ ಇಳಿಸಿದ. ನನ್ನ ಮುಖ ನೋಡಲಿಲ್ಲ, ರಸ್ತೆ ನೋಡಿದ.

"ಸೈಲೆಂಟ್‌ಗೆ ಮಡಗಿದ್ದೀರೇನೋ" ಎಂದ.

"ಇರಬೇಕಪ್ಪ" ಎಂದೆ.